ಮನೆಯಂಗಳ: ಕಡಿಯುವ ಮುನ್ನ ಒಂದು ಚಳಿಗಾಲ



ಕಳೆದ ತಿಂಗಳು ಕಂಪ್ಲಿಯಿಂದ ಒಬ್ಬ ಸಹೋದರಿ ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೊನೆಯಲ್ಲಿ ಕೇಳಿಕೊಂಡಿದ್ದಾರೆ. ಅವರ ಮನೆಯ ಹಿತ್ತಿಲಲ್ಲಿ ಒಂದು ನಿಂಬೆ ಮರವಿದೆ. ಅವರು ಮದುವೆಯಾಗಿ ಬಂದ ವರ್ಷ ಅವರ ತಾಯಿ ಸಸಿ ತಂದು ತಮ್ಮ ಕೈಯಾರೆ ನೆಟ್ಟು ಹೋದದ್ದು. ಆ ತಾಯಿ ಈಗಿಲ್ಲ. ಮರಕ್ಕೆ ಒಂಬತ್ತು ವರ್ಷ. ಗೋಡೆಯ ಎತ್ತರ ಬೆಳೆದು ಕಪ್ಪು ಹಸಿರಾಗಿ ನಿಂತಿದೆ. ಆದರೆ ಇದುವರೆಗೆ ಅದರಿಂದ ಒಂದು ಬುಟ್ಟಿ ಕಾಯಿ ಸಿಕ್ಕಿಲ್ಲ. ವರ್ಷಕ್ಕೆ ನಾಲ್ಕೋ ಐದೋ, ಅಷ್ಟೇ. ಮುಳ್ಳು ಮಾತ್ರ ಧಾರಾಳ. ಮಕ್ಕಳ ಬಟ್ಟೆ ಹರಿಯುತ್ತದೆ. ಈಗ ಮನೆಯವರು ಆ ಜಾಗದಲ್ಲಿ ಬೈಕ್ ನಿಲ್ಲಿಸಲು ತಗಡಿನ ಶೆಡ್ ಹಾಕಿಸಬೇಕೆಂದಿದ್ದಾರೆ. "ಕಾಯಿ ಬಿಡದ ಮರ ಇಟ್ಟುಕೊಂಡು ಏನು ಮಾಡುತ್ತೀ?" ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ ಎಂದು ಈ ಸಹೋದರಿಯೇ ಬರೆದಿದ್ದಾರೆ. "ಬಚ್ಚಲ ನೀರನ್ನೆಲ್ಲ ಅದಕ್ಕೇ ಬಿಡುತ್ತೇನೆ, ವರ್ಷವಿಡೀ ಒಂದು ದಿನವೂ ಒಣಗಲು ಬಿಟ್ಟಿಲ್ಲ. ಆದರೂ ಹೀಗೆ. ಅದು ಅಮ್ಮನ ಕೈಯ ಮರ. ಕಡಿಸಿಬಿಡಲೇ? ಅಥವಾ ಕೊಂಬೆ ಕತ್ತರಿಸಿದರೆ ಕಾಯಿ ಬಿಟ್ಟೀತೇ?" ಇದು ಅವರ ಪ್ರಶ್ನೆ.

ಸಹೋದರೀ, ದಯವಿಟ್ಟು ಈ ಚಳಿಗಾಲ ಮುಗಿಯುವವರೆಗೆ ಕಡಿಸಬೇಡಿ. ನಿಮ್ಮ ಪತ್ರದಲ್ಲಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಡಿಸೆಂಬರ್ ಮತ್ತು ಜನವರಿ ಕೈತೋಟವನ್ನು ಸವರಿ ಚೊಕ್ಕಟ ಮಾಡುವ ತಿಂಗಳುಗಳಾದ್ದರಿಂದ ಈ ಸಲದ ಪುಟವನ್ನು ಆ ಕೆಲಸಕ್ಕೇ ಮೀಸಲಿಟ್ಟಿದ್ದೇನೆ.

ನಾನು ಕೊಂದ ಮರ

ಮೊದಲು ನನ್ನದೇ ತಪ್ಪನ್ನು ಹೇಳಿಬಿಡಬೇಕು. ನಾನು ಹೊಸಪೇಟೆಗೆ ಸೊಸೆಯಾಗಿ ಬಂದಾಗ ನಮ್ಮ ಅಂಗಳದಲ್ಲಿಯೂ ಒಂದು ನಿಂಬೆ ಮರವಿತ್ತು. ಅತ್ತೆ ನೆಟ್ಟು ಬೆಳೆಸಿದ್ದು. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ಉಪ್ಪಿನಕಾಯಿಗೆ ನಮ್ಮ ಮನೆಯಿಂದಲೇ ನಿಂಬೆ ಹೋಗುತ್ತಿತ್ತು. ಮರ ಸ್ವಲ್ಪ ಅಡ್ಡಾದಿಡ್ಡಿ ಬೆಳೆದಿತ್ತು. ನಾನು ಒಂದು ತೋಟಗಾರಿಕೆ ಪುಸ್ತಕ ಓದಿದ್ದೆ. ಹಿಮ ಬೀಳುವ ದೇಶದವರು ಬರೆದದ್ದು. ಅದರಲ್ಲಿ ಗಿಡಗಳನ್ನು ಬೋಳಾಗಿ ಕತ್ತರಿಸಿದ ಚಿತ್ರಗಳಿದ್ದವು. ಪಕ್ಕದಲ್ಲಿ ಅದೇ ಗಿಡ ಮೈತುಂಬ ಹೂ ಬಿಟ್ಟ ಚಿತ್ರ! ಅದನ್ನು ನೋಡಿ ನನಗೂ ಉತ್ಸಾಹ ಬಂತು. ಆದರೆ ಸಂಸಾರದ ಗಡಿಬಿಡಿಯಲ್ಲಿ ಚಳಿಗಾಲ ಕಳೆದು ಹೋಯಿತು. ಮಾರ್ಚ್ ನಡುವೆ ಒಂದು ದಿನ ಕೂಲಿಯಾಳನ್ನು ಕರೆಸಿ, ಮಚ್ಚು ಕೊಟ್ಟು, ನಾಲ್ಕು ದಪ್ಪ ಕೊಂಬೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಇಳಿಸಿಬಿಟ್ಟೆ.

ಅತ್ತೆ ಆ ವಾರ ತಮ್ಮ ಮಗಳ ಮನೆಗೆ ಸಂಡೂರಿಗೆ ಹೋಗಿದ್ದರು. ಬಂದವರು ಅಂಗಳದಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಮರಕ್ಕೆ ಅದರ ಎಲೆಯೇ ನೆರಳು ಬೇಟಾ" ಎಂದರು, ಅಷ್ಟೇ.

ಆ ಮಾತಿನ ಅರ್ಥ ನನಗೆ ತಿಳಿದದ್ದು ಏಪ್ರಿಲ್‌ನಲ್ಲಿ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ಮುಟ್ಟುತ್ತದೆ. ಅದುವರೆಗೆ ಎಲೆಗಳ ನೆರಳಿನಲ್ಲಿದ್ದ ಕೊಂಬೆಗಳ ಮೇಲೆ ಬಿಸಿಲು ನೇರವಾಗಿ ಬಿತ್ತು. ಪಡುವಣದ ಕಡೆಯ ತೊಗಟೆ ಸುಟ್ಟಂತಾಗಿ ಸೀಳಿತು. ಸೀಳಿನಲ್ಲಿ ಕಾಂಡ ಕೊರೆಯುವ ಹುಳು ಸೇರಿತು. ಮಳೆಗಾಲದಲ್ಲಿ ಒಂದೆರಡು ಕಡೆ ಚಿಗುರಿತಾದರೂ ಮುಂದಿನ ಬೇಸಿಗೆಯ ಹೊತ್ತಿಗೆ ಮರ ಪೂರ್ತಿ ಒಣಗಿತ್ತು. ಆ ವರ್ಷದ ಉಪ್ಪಿನಕಾಯಿಗೆ ಅತ್ತೆ ಮಾರುಕಟ್ಟೆಯಿಂದ ನಿಂಬೆ ತರಿಸಿದರು. ಚೀಲ ಬಿಚ್ಚುವಾಗ ನನ್ನ ಮುಖ ನೋಡಲಿಲ್ಲ. ಬೈದಿದ್ದರೇ ನನಗೆ ಹಗುರವಾಗುತ್ತಿತ್ತು.

ನಮ್ಮ ಚಳಿ ಪುಸ್ತಕದ ಚಳಿಯಲ್ಲ

ಚಳಿ ದೇಶಗಳಲ್ಲಿ ಗಿಡಮರಗಳು ಎಲೆ ಉದುರಿಸಿ ನಿದ್ದೆ ಹೋಗುತ್ತವೆ. ಆಗ ಎಷ್ಟು ಕತ್ತರಿಸಿದರೂ ನಡೆಯುತ್ತದೆ. ಮುಂದೆ ಬರುವುದು ಹಿತವಾದ ವಸಂತ. ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿಯ ಚಳಿ ಹಾಗಲ್ಲ. ಬೆಳಗಿನ ಜಾವ 15 ಡಿಗ್ರಿಯ ಆಸುಪಾಸು, ಮಧ್ಯಾಹ್ನ 30 ಡಿಗ್ರಿ. ಗಿಡಗಳು ನಿದ್ದೆ ಹೋಗುವುದಿಲ್ಲ, ತುಸು ತೂಕಡಿಸುತ್ತವೆ. ಅದೂ ಎರಡು ತಿಂಗಳು ಮಾತ್ರ. ಅದರ ಬೆನ್ನಿಗೇ ಬೇಸಿಗೆ ಬರುತ್ತದೆ.

ಆದ್ದರಿಂದ ಎರಡು ಮಾತು ನೆನಪಿಡಿ. ಒಂದು, ಕತ್ತರಿ ಕೆಲಸ ಜನವರಿ ಮುಗಿಯುವುದರೊಳಗೆ ಆಗಬೇಕು. ಹಾಗಾದರೆ ಮಾರ್ಚ್ ಬರುವಷ್ಟರಲ್ಲಿ ಹೊಸ ಎಲೆ ಬಂದು ಗಿಡ ತನ್ನ ನೆರಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಎರಡು, ಒಂದೇ ಸಲಕ್ಕೆ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಮಲ್ಲಿಗೆ, ಗೋರಂಟಿಯಂತಹ ಕೆಲವು ಗಿಡಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ದಪ್ಪ ಕೊಂಬೆ ತೆಗೆದು ಕಾಂಡ ಬಯಲಾಗಿದ್ದರೆ ಆ ಭಾಗಕ್ಕೆ ತಿಳಿಯಾದ ಸುಣ್ಣ ಬಳಿಯಿರಿ. ಬಿಳಿ ಬಣ್ಣಕ್ಕೆ ಬಿಸಿಲು ತಾಗುವುದು ಕಡಿಮೆ. ರಸ್ತೆ ಬದಿಯ ಮರಗಳಿಗೆ ಸುಣ್ಣ ಹಚ್ಚಿರುವುದನ್ನು ನೀವು ನೋಡಿರುತ್ತೀರಿ. ಅದು ಬರೀ ಅಂದಕ್ಕಲ್ಲ.

ಕತ್ತರಿ ಹಿಡಿಯುವ ಮುನ್ನ

ಅಡುಗೆಮನೆಯ ಚಾಕು, ಹೊಲಿಗೆ ಕತ್ತರಿ ಇದಕ್ಕೆ ಬೇಡ. ಗಿಡ ಕತ್ತರಿಸುವ ಕತ್ತರಿ ಕೃಷಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಬೆರಳು ದಪ್ಪದವರೆಗಿನ ರೆಂಬೆಗೆ ಅದು ಸಾಕು. ಅದಕ್ಕಿಂತ ದಪ್ಪದ್ದಕ್ಕೆ ಸಣ್ಣ ಗರಗಸ ಬಳಸಿ. ಮಚ್ಚಿನಿಂದ ಕೊಚ್ಚಬೇಡಿ. ಕೊಚ್ಚಿದ ಜಾಗ ಸಿಬಿರೆದ್ದು ನೀರು ನಿಂತು ಕೊಳೆಯುತ್ತದೆ. ಕತ್ತರಿ ಹರಿತವಾಗಿರಲಿ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಅದರ ಅಲಗನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಂದರ ರೋಗ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ.

ಮೊದಲು ಒಣಗಿದ್ದು, ಆಮೇಲೆ ರೋಗ ಬಂದದ್ದು, ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆಗಳು. ಈ ಕ್ರಮದಲ್ಲಿ ತೆಗೆಯಿರಿ. ಇಷ್ಟಾದ ಮೇಲೆ ಹಿಂದೆ ಸರಿದು ನಿಂತು ಗಿಡವನ್ನು ಒಮ್ಮೆ ಪೂರ್ತಿ ನೋಡಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿದಿರುತ್ತದೆ. ಇನ್ನೂ ಕತ್ತರಿಸಬೇಕಿದ್ದರೆ ಹೊರಮುಖವಾಗಿರುವ ಒಂದು ಮೊಗ್ಗಿನ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಿ. ಹೊಸ ಚಿಗುರು ಆ ಮೊಗ್ಗು ನೋಡುವ ದಿಕ್ಕಿಗೇ ಹೋಗುತ್ತದೆ. ಗಿಡದ ನಡುವೆ ಗಾಳಿ ಬೆಳಕು ಆಡಬೇಕು ಎಂಬುದೇ ಇದರ ಉದ್ದೇಶ.

ದಪ್ಪ ಕೊಂಬೆಯ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬಹುದು. 50 ಗ್ರಾಂ ಮೈಲುತುತ್ತವನ್ನು ಕಾಲು ಲೀಟರ್ ನೀರಿನಲ್ಲಿಯೂ 50 ಗ್ರಾಂ ಸುಣ್ಣವನ್ನು ಇನ್ನೊಂದು ಕಾಲು ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕದಡಿ, ಆಮೇಲೆ ಎರಡನ್ನೂ ಸೇರಿಸಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಮಾಡಿ, ಕಬ್ಬಿಣದ್ದು ಬೇಡ. ಅಂದು ಮಾಡಿದ್ದನ್ನು ಅಂದೇ ಮುಗಿಸಿ. ಮೈಲುತುತ್ತ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ. ಆ ಪಾತ್ರೆಯನ್ನು ಮತ್ತೆ ಮನೆಬಳಕೆಗೆ ತರಬೇಡಿ.

ಗುಲಾಬಿ, ಮಲ್ಲಿಗೆ, ಗೋರಂಟಿ

1443ರಲ್ಲಿ ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ರಝಾಕ್ ಎಂಬ ವಿದ್ವಾಂಸ ವಿಜಯನಗರಕ್ಕೆ ಬಂದಿದ್ದ. ಇಂದು ಪಾಳು ಬಿದ್ದಿರುವ ಹಂಪಿಯ ಬಜಾರುಗಳಲ್ಲಿ ಅಂದು ಎಲ್ಲಿ ನೋಡಿದರೂ ಗುಲಾಬಿ ಮಾರುವವರೇ. ಇಲ್ಲಿನ ಜನರಿಗೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂದು ಅವನು ಬೆರಗಿನಿಂದ ಬರೆದಿಟ್ಟಿದ್ದಾನೆ. ಗುಲಾಬಿಗೆ ಹೆಸರಾದ ಪರ್ಷಿಯಾದ ಕಡೆಯಿಂದ ಬಂದವನಿಗೇ ಇದು ಅಚ್ಚರಿಯಾಗಿತ್ತು! ನಮ್ಮ ಮಣ್ಣಿಗೆ ಗುಲಾಬಿ ಹೊಸದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗುಲಾಬಿಯನ್ನು ಮಳೆ ನಿಂತ ಮೇಲೆ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಸವರುವುದು ವಾಡಿಕೆ. ಸವರಿದ 40–45 ದಿನಗಳಲ್ಲಿ ಹೂವು ಬರುತ್ತದೆ. ಆಗ ಮಾಡಿಲ್ಲದವರು ಈಗ ಹಗುರವಾಗಿ ಮಾಡಿ. ಒಣಗಿದ ಕಡ್ಡಿ, ಪೆನ್ಸಿಲ್‌ಗಿಂತ ತೆಳುವಾದ ಸೊರಗಿದ ಕಡ್ಡಿ, ಬಾಡಿದ ಹೂವಿನ ತೊಟ್ಟು ಇವನ್ನು ತೆಗೆದರೆ ಸಾಕು. ಬುಡದಿಂದ, ಕಸಿ ಗಂಟಿನ ಕೆಳಗಿನಿಂದ ಎದ್ದ ಚಿಗುರು ಕಾಡು ಗುಲಾಬಿಯದು. ಅದನ್ನು ಹಾಗೇ ಬಿಟ್ಟರೆ ಕ್ರಮೇಣ ಒಳ್ಳೆಯ ಗಿಡವನ್ನು ನುಂಗಿಬಿಡುತ್ತದೆ.

ಮಲ್ಲಿಗೆಯ ವಿಷಯದಲ್ಲಿ ನಾವು ಭಾಗ್ಯವಂತರು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ನಮ್ಮ ವಿಜಯನಗರ ಜಿಲ್ಲೆಯದೇ. ಮಲ್ಲಿಗೆಯನ್ನು ಕತ್ತರಿಸಲು ನಮ್ಮ ಹೆಂಗಸರಿಗೆ ಮನಸ್ಸೇ ಬರುವುದಿಲ್ಲ. ಬಳ್ಳಿ ಕಾಡಿನಂತೆ ಹಬ್ಬುತ್ತದೆ, ಹೂವು ಮಾತ್ರ ನಾಲ್ಕು. ಮಲ್ಲಿಗೆಯ ಹೂವು ಬರುವುದು ಹೊಸ ಚಿಗುರಿನಲ್ಲಿ. ಹಳೆಯ ಕಡ್ಡಿ ಕತ್ತರಿಸದಿದ್ದರೆ ಹೊಸ ಚಿಗುರು ಎಲ್ಲಿಂದ ಬರಬೇಕು? ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಗೆ, ಜಾಜಿಯನ್ನು ಡಿಸೆಂಬರ್ ಕೊನೆಗೆ, ಹಡಗಲಿ ಮಲ್ಲಿಗೆಯ ಜಾತಿಯನ್ನು ಜನವರಿಯಲ್ಲಿ, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಅದಕ್ಕೆ ಮೊದಲು ಕೆಲವು ದಿನ ನೀರು ನಿಲ್ಲಿಸಿ. ಕತ್ತರಿಸಿದ ಮೇಲೆ ಉಳಿದ ಎಲೆ ತೆಗೆದು, ಬುಡ ಕೆದಕಿ, ಗೊಬ್ಬರ ಕೊಟ್ಟು, ನೀರು ಹಾಯಿಸಿ. ಈ ಗಿಡಗಳಿಗೆ ನಾನು ಮೇಲೆ ಹೇಳಿದ ಮೂರರಲ್ಲೊಂದು ಪಾಲಿನ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಅವು ನಿಮಗೆ ಬಡ್ಡಿ ಸಮೇತ ಹಿಂದಿರುಗಿಸುತ್ತವೆ.

ಇನ್ನು ಗೋರಂಟಿ, ಅಂದರೆ ನಮ್ಮ ಮೆಹಂದಿ. ಅಂಗಡಿಯ ಕೋನ್ ಬಂದ ಮೇಲೆ ಎಷ್ಟೋ ಮನೆಗಳ ಬೇಲಿಯಿಂದ ಇದು ಮಾಯವಾಗಿದೆ. ಕೋನ್‌ಗಳಲ್ಲಿ ಕೆಲವಕ್ಕೆ ಬಣ್ಣ ಬೇಗ ಏರಲೆಂದು ರಾಸಾಯನಿಕ ಬೆರೆಸುತ್ತಾರೆ. ಎಳೆ ಮಕ್ಕಳ ಕೈ ಬೊಬ್ಬೆ ಎದ್ದದ್ದನ್ನು ನಾನೇ ನೋಡಿದ್ದೇನೆ. ಮನೆಯ ಗೋರಂಟಿಗೆ ಆ ಭಯವಿಲ್ಲ. ಈ ಕೆಲವು ವರ್ಷ ರಮಝಾನ್ ತಿಂಗಳು ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತಿದೆ. ಡಿಸೆಂಬರ್ ಕೊನೆಗೆ ಬೇಲಿಯನ್ನು ಅರ್ಧದವರೆಗೆ ಸವರಿ, ವಾರಕ್ಕೊಮ್ಮೆ ನೀರು ಕೊಟ್ಟರೆ ಈದ್‌ನ ಹೊತ್ತಿಗೆ ಎಳೆ ಎಲೆ ತುಂಬಿ ನಿಂತಿರುತ್ತದೆ. ಬಣ್ಣ ಚೆನ್ನಾಗಿ ಏರುವುದು ಎಳೆ ಎಲೆಯಲ್ಲೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈಗ ಕತ್ತರಿಸಿದ ಎಲೆಯನ್ನೂ ಎಸೆಯಬೇಡಿ. ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ ತೇವದ ಮಣ್ಣಿಗೆ ಚುಚ್ಚಿಟ್ಟರೆ ಅವೇ ಬೇರು ಬಿಡುತ್ತವೆ. ನೆರೆಮನೆಗೆ ಕೊಡಲು ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ?

ಸೀತಾಫಲ ಈ ಕಾಲದಲ್ಲಿ ಎಲೆ ಉದುರಿಸುವ ಮರ. ಅದರ ಕೊಂಬೆಯಲ್ಲಿ ಕಲ್ಲಿನಂತೆ ಕಪ್ಪಾಗಿ ನೇತಾಡುವ ಹಳೆಯ ಕಾಯಿಗಳನ್ನು ಕಿತ್ತು ಹೂತುಬಿಡಿ. ರೋಗಕ್ಕೂ ಹುಳುವಿಗೂ ಅವೇ ತವರುಮನೆ. ಬಾಳೆ ಇದ್ದವರು ಒಣಗಿದ ಎಲೆ ಕೊಯ್ದು, ಒಂದು ಕಂದು ಉಳಿಸಿ ಉಳಿದವನ್ನು ಕಿತ್ತುಹಾಕಿ. ಹಂಪಿ ಮತ್ತು ಕಂಪ್ಲಿಯ ಬಾಳೆ ತೋಟದವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಕರಿಬೇವಿನ ತುದಿಯನ್ನು ಜನವರಿ ಕೊನೆಗೆ ಚಿವುಟಿದರೆ ಗಿಡ ಪೊದೆಯಾಗಿ ಹರಡುತ್ತದೆ. ಪುದೀನವನ್ನು ನೆಲದಿಂದ ಎರಡು ಅಂಗುಲ ಬಿಟ್ಟು ಪೂರ್ತಿ ಕೊಯ್ದು, ಮೇಲೆ ಒಂದು ಪದರ ಗೊಬ್ಬರದ ಮಣ್ಣು ಹರಡಿ. ಇಫ್ತಾರ್‌ನ ಚಟ್ನಿಗೆ ಹೊಸ ಪುದೀನ ತಯಾರಾಗುತ್ತದೆ.

ಇವನ್ನು ಈಗ ಮುಟ್ಟಬೇಡಿ

ಮಾವಿನ ಮರಕ್ಕೆ ಈಗ ಕತ್ತರಿ ಹಾಕಬೇಡಿ. ಅದು ಹೂವಿಗೆ ಸಿದ್ಧವಾಗುತ್ತಿರುವ ಕಾಲ. ಈಗ ತುದಿ ಕತ್ತರಿಸಿದರೆ ಈ ವರ್ಷದ ಹಣ್ಣನ್ನೇ ಕತ್ತರಿಸಿದಂತೆ. ಕೊಯ್ಲಾದ ಮೇಲೆ ಜೂನ್, ಜುಲೈನಲ್ಲಿ ಮಾಡಿ. ಮೊಗ್ಗು ಕಾಣಿಸಿಕೊಂಡ ನುಗ್ಗೆಯೂ ಹಾಗೆಯೇ. ಕಾಯಿ ಮುಗಿದ ಮೇಲೆ ಎದೆಯೆತ್ತರಕ್ಕೆ ಇಳಿಸಿ. ನುಗ್ಗೆಯ ಕೊಂಬೆ ಬಹಳ ಪೊಳ್ಳು. ಮಕ್ಕಳನ್ನು ಖಂಡಿತ ಹತ್ತಿಸಬೇಡಿ. ತೆಂಗಿನ ಒಣ ಗರಿ ಮಾತ್ರ ತೆಗೆಯಿಸಿ. ಮರ ಚೊಕ್ಕಟವಾಗಿ ಕಾಣಲೆಂದು ಹಸಿರು ಗರಿಗೆ ಕೈ ಹಾಕಿದರೆ ಕಾಯಿ ಕಡಿಮೆಯಾಗುತ್ತದೆ.

ಅಂಗಳ ಗುಡಿಸುವಾಗ

ಚೊಕ್ಕಟ ಮಾಡುವ ಕೆಲಸದಲ್ಲಿ ಒಂದು ಎಚ್ಚರ ಬೇಕು. ನಮ್ಮದು ಬಂಡೆಗಳ ಸೀಮೆ. ತೆಂಗಿನ ಗರಿಯ ರಾಶಿ, ಇಟ್ಟಿಗೆ, ಹಂಚು, ಕಟ್ಟಿಗೆ ಅಡಿಯಲ್ಲಿ ಚೇಳು, ಹಾವು ಇರಬಹುದು. ಕಟ್ಟುಹಾವು, ಗರಗಸ ಮಂಡಲ ಚಿಕ್ಕವಾದರೂ ಪ್ರಾಣಕ್ಕೆ ಅಪಾಯ. ಚಳಿಯ ಬೆಳಿಗ್ಗೆ ಹಾವುಗಳು ಬಿಸಿಲು ಕಾಯಲು ಕಲ್ಲಿನ ಮೇಲೆ ಬರುತ್ತವೆ. ಆದ್ದರಿಂದ ರಾಶಿಯನ್ನು ಮೊದಲು ಉದ್ದ ಕೋಲಿನಿಂದ ಅಲ್ಲಾಡಿಸಿ. ಬರಿಗೈ, ಬರಿಗಾಲು ಬೇಡ. ಮಬ್ಬುಗತ್ತಲೆಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿದ ಕೈಕಾಲನ್ನು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ, ನೇರವಾಗಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. ಮಂತ್ರ ಹಾಕಿಸಲು ಹೋಗಿ ಕಳೆದ ಅರ್ಧ ಗಂಟೆ ಮರಳಿ ಬರುವುದಿಲ್ಲ.

ಎರಡನೆಯದು ಸೊಳ್ಳೆ. ತೆಂಗಿನ ಚಿಪ್ಪು, ಒಡೆದ ಕುಂಡ, ಹಳೆಯ ಟಯರು, ಕುಂಡದ ಅಡಿಯ ತಟ್ಟೆ ಇವುಗಳ ನೀರು ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆ ತನ್ನ ಮೊಟ್ಟೆಯನ್ನು ಪಾತ್ರೆಯ ಗೋಡೆಗೆ ಅಂಟಿಸಿರುತ್ತದೆ. ನೀರಿಲ್ಲದೆಯೂ ಅದು ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ. ಆದ್ದರಿಂದ ಉಜ್ಜಿ ತೊಳೆದು ಬೋರಲು ಹಾಕಿ.

ಮೂರನೆಯದು ಬೆಂಕಿ. ಗುಡಿಸಿದ ತರಗೆಲೆಗೆ ಕಡ್ಡಿ ಗೀರುವ ಅಭ್ಯಾಸ ನಮ್ಮಲ್ಲಿ ಬಹಳ. ಚಳಿಗಾಲದ ಹೊಗೆ ಮೇಲೆ ಹೋಗದೆ ಓಣಿಯಲ್ಲೇ ನಿಲ್ಲುತ್ತದೆ. ಪಕ್ಕದ ಮನೆಯಲ್ಲಿ ಉಬ್ಬಸದ ಮುದುಕರಿರಬಹುದು, ಎಳೆ ಕೂಸಿರಬಹುದು. ನೆರೆಯವರ ಹಕ್ಕು ಎಷ್ಟು ದೊಡ್ಡದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತರಗೆಲೆಯನ್ನು ಗಿಡದ ಬುಡಕ್ಕೆ ನಾಲ್ಕು ಅಂಗುಲ ದಪ್ಪ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಬೇಸಿಗೆಯಲ್ಲಿ ನೀರು ಆರುವುದು ಕಡಿಮೆಯಾಗುತ್ತದೆ. ರೋಗ ಬಂದ ಎಲೆಯನ್ನು ಇದಕ್ಕೆ ಬಳಸದೆ ಹೂತುಹಾಕಿ.

ನೀರಿನ ಮಾತು ನಮಗೆ ಈಗ ಬೇರೆ ರೀತಿಯಲ್ಲಿ ತಟ್ಟುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ ಅಣೆಕಟ್ಟೆಯ ನೀರು ಹರಿದುಹೋಗುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಹೊಳೆ ಬಾಗಿಲಲ್ಲಿದ್ದರೂ ನೀರು ನಮ್ಮದೇ ಎನ್ನುವ ಧೈರ್ಯ ಇನ್ನಿಲ್ಲ. ಹೊದಿಕೆ ಹಾಕಿದ ಗಿಡಕ್ಕೆ ಕಡಿಮೆ ನೀರು ಸಾಕಾಗುತ್ತದೆ.

ಸಂಡೂರಿನ ಸಹೋದರಿಯರಿಗೆ ಒಂದು ಮಾತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಆಮೇಲೆ ಮಿತಿಯೊಳಗೆ ಮತ್ತೆ ಶುರುವಾಯಿತು. ಅದಿರು ಸಾಗುವ ದಾರಿಯ ಮನೆಗಳಲ್ಲಿ ಮಳೆ ನಿಂತ ಮೇಲೆ ಎಲೆಗಳು ಕೆಂಪಾಗುತ್ತವೆ. ದೂಳು ಮುಚ್ಚಿದ ಎಲೆಗೆ ಬೆಳಕು ತಲುಪುವುದಿಲ್ಲ, ಉಸಿರಾಟವೂ ಕಷ್ಟ. ನುಸಿ ಕಾಟವೂ ದೂಳಿನಲ್ಲೇ ಹೆಚ್ಚು. ಹತ್ತು ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಗಳ ಮೇಲೂ ಕೆಳಗೂ ನೀರು ಚಿಮುಕಿಸಿ ತೊಳೆಯಿರಿ. ಸವರುವ ಮೊದಲು ತೊಳೆದರೆ ಯಾವ ಕೊಂಬೆ ಜೀವಂತ, ಯಾವುದು ಸತ್ತದ್ದು ಎಂಬುದೂ ತಿಳಿಯುತ್ತದೆ.

ಕಂಪ್ಲಿಯ ನಿಂಬೆ ಮರಕ್ಕೆ

ಈಗ ಕಂಪ್ಲಿಯ ಸಹೋದರಿಗೆ. ನಿಮ್ಮ ಮರಕ್ಕೆ ರೋಗವಿಲ್ಲ, ಅದು ಬಂಜೆಯೂ ಅಲ್ಲ. ಬೀಜದ ನಿಂಬೆ ಫಸಲಿಗೆ ಬರಲು ಐದಾರು ವರ್ಷ ಬೇಕು. ನಿಮ್ಮದು ಆ ವಯಸ್ಸು ದಾಟಿದೆ. ವರ್ಷಕ್ಕೆ ನಾಲ್ಕೈದು ಕಾಯಿ ಬಿಡುವುದರಿಂದ ಅದಕ್ಕೆ ಶಕ್ತಿಯಿದೆ ಎಂದೂ ಗೊತ್ತಾಯಿತು. ಹಾಗಾದರೆ ಕೊರತೆ ಏನು? ನೀವು "ಒಂದು ದಿನವೂ ಒಣಗಲು ಬಿಟ್ಟಿಲ್ಲ" ಎಂದಿದ್ದೀರಲ್ಲ, ಅದೇ!

ನಿಂಬೆಯ ಜಾತಿಗೆ ಹೂ ಬಿಡಲು ಸ್ವಲ್ಪ ಬಾಯಾರಿಕೆ ಬೇಕು. ದಿನವೂ ನೀರು ಸಿಕ್ಕರೆ ಅದು ಎಲೆ ಮತ್ತು ಕೊಂಬೆ ಬೆಳೆಸುತ್ತಲೇ ಇರುತ್ತದೆ, ಹೂವಿನ ಯೋಚನೆಯೇ ಬರುವುದಿಲ್ಲ. ನಿಂಬೆ, ದಾಳಿಂಬೆ ಬೆಳೆಯುವ ರೈತರು ನೀರು ನಿಲ್ಲಿಸಿ ಮರಕ್ಕೆ ವಿಶ್ರಾಂತಿ ಕೊಟ್ಟು ಹೂ ಬಿಡಿಸುವುದನ್ನು ಬಹಾರ್ ಎನ್ನುತ್ತಾರೆ. ನಿಮ್ಮ ಕಂಪ್ಲಿಯ ಎರೆ ಮಣ್ಣು ಮೊದಲೇ ನೀರು ಹಿಡಿದಿಡುವಂಥದ್ದು, ಅದರ ಮೇಲೆ ದಿನನಿತ್ಯದ ಬಚ್ಚಲ ನೀರು. ಸೋಪಿನ ನೀರು ಬೇರಿಗೂ ಒಳ್ಳೆಯದಲ್ಲ.

ಹೀಗೆ ಮಾಡಿ. ಇಂದೇ ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಿ. ಬಾಳೆಗೋ ಕೆಸುವಿಗೋ ಹೋಗಲಿ. ಮರದ ಸುತ್ತ, ಎಲೆಯ ನೆರಳು ಬೀಳುವ ಅಂಚಿನಲ್ಲಿ ಒಂದಡಿ ಆಳದ ಕಾಲುವೆ ತೋಡಿ, ಬುಡದಲ್ಲಿ ನಿಂತ ತೇವ ಬಸಿದುಹೋಗಲಿ. ಎರೆ ಭೂಮಿಯಾದ್ದರಿಂದ ಒಂದು ತಿಂಗಳೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು. ದಿನದ ಲೆಕ್ಕ ನೋಡಬೇಡಿ, ಎಲೆ ನೋಡಿ. ಎಲೆ ಜೋತು ಬಿದ್ದು, ಕೆಲವು ಹಳದಿಯಾಗಿ ಉದುರತೊಡಗಿದಾಗ ಸಾಕು. ಆಗ ನಿಮ್ಮ ಕರುಳು ಚುರುಕ್ ಎನ್ನಬಹುದು. ತಡೆದುಕೊಳ್ಳಿ. ಆದರೆ ಪೂರ್ತಿ ಒಣಗಿಸಬೇಡಿ.

ಈ ಅವಧಿಯಲ್ಲಿಯೇ ಕತ್ತರಿ ಕೆಲಸ. ನಿಂಬೆಗೆ ಬಹಳ ಕಡಿಮೆ ಕತ್ತರಿ ಸಾಕು. ಒಣ ಕಡ್ಡಿ, ನೆಲ ಮುಟ್ಟುವ ಕೊಂಬೆ, ಕಾಂಡದಿಂದ ಕೋಲಿನಂತೆ ನೆಟ್ಟಗೆ ಎದ್ದು ದೊಡ್ಡ ಮುಳ್ಳು ಬಿಟ್ಟಿರುವ ನೀರು ಚಿಗುರು, ಇಷ್ಟನ್ನು ತೆಗೆಯಿರಿ. ಕಸಿ ಗಿಡವಾಗಿದ್ದರೆ ಕಸಿ ಗಂಟಿನ ಕೆಳಗಿನ ಚಿಗುರನ್ನೂ ತೆಗೆಯಿರಿ. ಮಕ್ಕಳ ಬಟ್ಟೆ ಹರಿಯುವುದು ಹೆಚ್ಚಾಗಿ ಆ ಕೋಲು ಚಿಗುರಿನ ಮುಳ್ಳಿನಿಂದಲೇ ಇರಬೇಕು. ಅಷ್ಟು ತೆಗೆದರೆ ಗೋಡೆ ಪಕ್ಕ ಬೈಕಿಗೂ ಜಾಗ ಸಿಕ್ಕೀತು, ನೋಡಿ!

ಆಮೇಲೆ ಬುಡದ ಮಣ್ಣನ್ನು ಹಗುರವಾಗಿ ಕೆದಕಿ, ಎರಡು ಬುಟ್ಟಿ ಕೊಳೆತ ಗೊಬ್ಬರ ಕೊಟ್ಟು, ಮೊದಲ ಸಲ ಕಡಿಮೆ, ನಾಲ್ಕೈದು ದಿನ ಬಿಟ್ಟು ತುಂಬ ನೀರು ಕೊಡಿ. ಮೂರ್ನಾಲ್ಕು ವಾರದಲ್ಲಿ ಹೊಸ ಚಿಗುರಿನ ಜೊತೆ ಬಿಳಿ ಮೊಗ್ಗು ಕಾಣಬೇಕು. ಆ ಚಿಗುರನ್ನು ತಿನ್ನಲು ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಬರುತ್ತದೆ. ಅದು ನಿಂಬೆ ಚಿಟ್ಟೆಯ ಮರಿ. ಕೈಯಿಂದ ಆರಿಸಿ ತೆಗೆದರೆ ಸಾಕು. ಹೂವಾಗಿ ಐದಾರು ತಿಂಗಳಿಗೆ ಕಾಯಿ ಕೈಗೆ ಬರುತ್ತದೆ. ಅಂದರೆ ಈ ರಮಝಾನ್‌ನ ಶರಬತ್ತಿಗೆ ನಿಮ್ಮ ನಿಂಬೆ ಸಿಗಲಾರದು. ಮಳೆಗಾಲದ ಉಪ್ಪಿನಕಾಯಿಗೆ ಸಿಕ್ಕೀತು. ಮನೆಯವರಿಗೆ ಇಷ್ಟೇ ಹೇಳಿ: "ಒಂಬತ್ತು ವರ್ಷ ಕಾದಿದ್ದೇವೆ, ಇನ್ನು ಆರು ತಿಂಗಳು ಕೊಡಿ." ಆಗಲೂ ಹೂ ಬರದಿದ್ದರೆ ಕಡಿಸುವುದು ಯಾವಾಗ ಬೇಕಾದರೂ ಆಗುವ ಕೆಲಸ. ನೆಡುವುದು ಹಾಗಲ್ಲ.

ನನ್ನ ಮರ ಸತ್ತ ಎರಡನೇ ವರ್ಷ ನಾನೇ ಒಂದು ನಿಂಬೆ ಸಸಿ ತಂದು ಅದೇ ಜಾಗದಿಂದ ಸ್ವಲ್ಪ ದೂರ ನೆಟ್ಟೆ. ಅತ್ತೆ ಏನೂ ಹೇಳದೆ ಮರುದಿನದಿಂದ ತಾವೇ ಚೊಂಬಿನಲ್ಲಿ ನೀರು ಹಾಕತೊಡಗಿದರು. ಈಗ ಅವರಿಗೆ ಮೊಣಕಾಲು ನೋವು, ಬಗ್ಗಲಾಗುವುದಿಲ್ಲ. ಮೊನ್ನೆ ಬೆಳಿಗ್ಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತು, "ಕತ್ತರಿ ತಾ ಬೇಟಾ, ನಾನು ತೋರಿಸಿದ್ದನ್ನು ಮಾತ್ರ ಕತ್ತರಿಸು" ಎಂದರು. ಬೆರಳು ತೋರಿದ ಒಂದೊಂದೇ ಒಣ ಕಡ್ಡಿಯನ್ನು ತೆಗೆದೆ. ಹನ್ನೊಂದು ಕಡ್ಡಿ. ಹನ್ನೆರಡನೆಯದಕ್ಕೆ ನಾನು ಕೈ ಹಾಕಿದಾಗ, "ಅದರಲ್ಲಿ ಜೀವ ಇದೆ, ಬಿಡು" ಎಂದರು. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಹಸಿರಿತ್ತು.

ನೀವೂ ಕತ್ತರಿಸುವ ಮುನ್ನ ಒಮ್ಮೆ ಉಗುರಿನಿಂದ ಕೆರೆದು ನೋಡಿ, ಸಹೋದರಿಯರೇ. ಕಂಪ್ಲಿಯ ಸಹೋದರಿ ಮರ ಹೂ ಬಿಟ್ಟಾಗ ಮತ್ತೆ ಪತ್ರ ಬರೆಯಬೇಕು. ಹೂ ಬಿಡದಿದ್ದರೂ ಬರೆಯಬೇಕು.